ಹುಂಜ ತಿಂದ ಹಳದಿ

ಸುರಪುರದ ರಂಗಂಪೇಟೆಯಲ್ಲಿ ಅಯ್ಯಣ್ಣನ ಮನೆಯೊಳಗೆ ಎಲ್ಲರಿಗಿಂತ ಸೊಗಸಾಗಿ ಉಣ್ಣುತ್ತಿದ್ದ ಜೀವವೆಂದರೆ ಒಂದು ಹುಂಜ. ಈ ಸತ್ಯವನ್ನು ತಿಳಿಯಲು ದೇವೀಂದ್ರಮ್ಮನವರಿಗೆ ಅಂಗಳ ದಾಟುವಷ್ಟು ಸಮಯವೂ ಬೇಕಾಗಲಿಲ್ಲ. ಶಹಾಪುರದಿಂದ ಟಂಟಂ ಆಟೋದಲ್ಲಿ ಮೊಣಕಾಲಿಗೆ ಮೊಣಕಾಲು ಒತ್ತಿಕೊಂಡು ಕುಳಿತು, ಎದುರಿನವನ ಗುಟಖಾ ವಾಸನೆಯನ್ನು ಸೆರಗಿನಿಂದ ತಡೆಯುತ್ತ ಬಂದಿದ್ದ ಅವರು, ಚಪ್ಪಲಿ ಬಿಡುವ ಮೊದಲೇ ಬಾಗಿಲ ಮುಂದೆ ನಿಂತುಬಿಟ್ಟರು.

ಕಟ್ಟೆಯ ಮೇಲೆ ತೋಳಿಲ್ಲದ ಬನಿಯನ್ನು ತೊಟ್ಟು ಅಳಿಯ ಸಂಜೀವಕುಮಾರ ಕುಳಿತಿದ್ದ. ಕುದಿಸಿದ ತತ್ತಿಗಳ ಸಿಪ್ಪೆ ಸುಲಿದು, ಒಂದೊಂದನ್ನೂ ಹೆಬ್ಬೆರಳಿನಿಂದ ಸೀಳಿ, ಬಿಳಿಯ ಭಾಗವನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹಳದಿಯನ್ನು ಕಲ್ಲುಹರಳನ್ನು ಆರಿಸಿ ಎಸೆಯುವವನಂತೆ ಪಕ್ಕದ ತಾಟಿಗೆ ಉದುರಿಸುತ್ತಿದ್ದ. ತಾಟಿನ ಆಚೆ ಕುಕ್ಕರಗಾಲಲ್ಲಿ ಕುಳಿತ ಅವನ ತಂದೆ ಅಯ್ಯಣ್ಣ ಆ ಹಳದಿಯನ್ನು ಬೆರಳಿನಿಂದ ಮಿದ್ದು, ಉಂಡೆ ಕಟ್ಟಿ, ಕಾಲಿಗೆ ದಾರ ಬಿಗಿದಿದ್ದ ಕೆಂಪು ಹುಂಜದ ಕೊಕ್ಕಿಗೆ, ಹೆತ್ತ ಕೂಸಿಗೆ ತುತ್ತಿಡುವಷ್ಟು ಅಕ್ಕರೆಯಿಂದ ಇಡುತ್ತಿದ್ದ. ಬಾಗಿಲಿಗೆ ಆತು ನಿಂತಿದ್ದ ತುಂಬುಬಸುರಿ ಅಂಜನಾ ಈ ಸೇವೆಯನ್ನು ನೋಡುತ್ತಿದ್ದಳು.

ಅಂಜನಾ ದೇವೀಂದ್ರಮ್ಮನವರ ತೀರಿಹೋದ ತಂಗಿಯ ಮಗಳು. ಮದುವೆಯನ್ನೇ ಮಾಡಿಕೊಳ್ಳದೆ ಶಹಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ದೊಡ್ಡಮ್ಮನೇ ಅವಳಿಗೆ ತಾಯಿಯೂ ತವರೂ ಆಗಿದ್ದರು. ಹಿಂದಿನ ದಿನ ಫೋನಿನಲ್ಲಿ ಹುಡುಗಿ ಹೇಳಿದ ಒಂದು ಮಾತು ಅವರನ್ನು ಇಲ್ಲಿಗೆ ಎಳೆತಂದಿತ್ತು: ಮೈಯಲ್ಲಿ ರಕ್ತ ಬಹಳ ಕಡಿಮೆಯಾಗಿದೆ, ಹೀಗೇ ಉಳಿದರೆ ಹೆರಿಗೆಯಲ್ಲಿ ಇಬ್ಬರಿಗೂ ಅಪಾಯ ಎಂದು ಡಾಕ್ಟರಮ್ಮ ಎಚ್ಚರಿಸಿದ್ದಳು. ಈಗ ಕಣ್ಣಾರೆ ಕಂಡರೆ, ಹುಡುಗಿಯ ತುಟಿ ಸುಣ್ಣ ಹಚ್ಚಿದ ಗೋಡೆಯಂತಿತ್ತು. ಹುಂಜದ ಜುಟ್ಟು ಮಾತ್ರ ರಕ್ತ ಚಿಮ್ಮುವಷ್ಟು ಕೆಂಪಾಗಿತ್ತು.

"ಬರ್ರಿ ಅತ್ತಿ, ಈಗ ಬಂದ್ರೇನು?" ಎಂದ ಸಂಜೀವಕುಮಾರ, ತುಂಬಿದ ಬಾಯಿಂದ.

"ಈಗ ಬಂದೆ. ನೀ ಏನ್ ಮಾಡಾಕತ್ತೀಪ್ಪಾ?"

"ಡಯಟ್ ಅತ್ತಿ. ನಮ್ಮ ಜಿಮ್ ಮಾಸ್ತರ್ ಹೇಳ್ಯಾನ, ಹಳದಿ ಮುಟ್ಟಬ್ಯಾಡ, ಬರೇ ಬಿಳಿ ತಿನ್ನು, ತೋಳಿಗೆ ಖಂಡ ಬರ್ತಾವ ಅಂತ."

ದೇವೀಂದ್ರಮ್ಮ ಅವನ ತೋಳುಗಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಎಲ್ಲಿ ತನಕ ಬಂದಾವಪ್ಪಾ? ಇನ್ನೂ ಶಹಾಪುರ ದಾಟಿದಂಗ ಕಾಣಂಗಿಲ್ಲ."

ಸಂಜೀವಕುಮಾರ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದಿನ ಕಳೆಯುವವನು. ಅಲ್ಲಿ ಬೆನ್ನು ಬಗ್ಗಿಸಿ, ಸಂಜೆ ಜಿಮ್ಮಿನಲ್ಲಿ ಅದೇ ಬೆನ್ನನ್ನು ನೆಟ್ಟಗೆ ಮಾಡಿಕೊಳ್ಳುವ ವ್ಯರ್ಥ ಉದ್ಯೋಗವೇ ಅವನ ಬದುಕು ಎಂದು ದೇವೀಂದ್ರಮ್ಮ ಮದುವೆಯ ಮರುವರ್ಷವೇ ತೀರ್ಮಾನಿಸಿದ್ದರು. ಅಯ್ಯಣ್ಣನನ್ನು ಕುರಿತು ಅವರ ಅಭಿಪ್ರಾಯ ಇನ್ನೂ ಸಂಕ್ಷಿಪ್ತವಾಗಿತ್ತು. ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ಆತ ಕಂಬ ಹತ್ತುವುದನ್ನು ಬಿಟ್ಟು ಹುಂಜ ಸಾಕುವುದನ್ನು ಹಿಡಿದಿದ್ದ. ಕಂಬದ ಮೇಲಿದ್ದಾಗ ಆತನಿಂದ ಊರಿಗೆ ಒಂದಿಷ್ಟು ಬೆಳಕಾದರೂ ಸಿಗುತ್ತಿತ್ತು.

"ಇವ ನಮ್ಮ ಸರದಾರ್ರಿ ಅಕ್ಕೋರ," ಎಂದು ಅಯ್ಯಣ್ಣ ಹುಂಜವನ್ನು ಪರಿಚಯಿಸಿದ. "ಕಾಳಗದ ಜಾತಿ. ಮಗಗ ಬ್ಯಾಡಾದ ಹಳದಿ ಇವಗ ಬಂಗಾರ. ಹಳದಿ ಅಂದ್ರ ಪೂರಾ ಉಷ್ಣ ನೋಡ್ರಿ. ಉಷ್ಣ ಏರಿದಷ್ಟು ಹುಂಜಕ್ಕ ಸಿಟ್ಟು, ಸಿಟ್ಟು ಏರಿದಷ್ಟು ಹೊಡ್ತ. ಲಾಡ್ಲೇಸಾಬನ ಕರೀ ಹುಂಜಕ್ಕ ಈ ಸಲ ಮಣ್ಣು ಮುಕ್ಕಿಸ್ತೀನಿ."

"ಕೋಳಿ ಇಟ್ಟ ತತ್ತಿ ಕೋಳಿಗೇ ತಿನಸಾಕತ್ತೀರಿ," ಎಂದರು ದೇವೀಂದ್ರಮ್ಮ. "ಮನಿಯಾಗ ಬಸುರಿ ಇಲ್ಲ ಅಂತ ತಿಳಕೊಂಡೀರೇನು?"

ಆಗ ಲಾಲಮ್ಮ ಹೊರಗೆ ಬಂದಳು. ಆ ಮನೆಯ ಯಜಮಾನಿ ಆಕೆ. ಗಂಡ, ಮಗ, ಸೊಸೆ, ಹುಂಜ ಎಲ್ಲರೂ ಅವಳ ಆಜ್ಞೆಯಂತೆ ಉಂಡು ಅವಳ ಆಜ್ಞೆಯಂತೆ ಮಲಗುವವರು. ಕೈಯಲ್ಲಿ ಚಹಾದ ಬಟ್ಟಲುಗಳಿದ್ದವು. ಬೀಗತಿಗೆ ಒಂದನ್ನು ಕೊಟ್ಟು, ಇನ್ನೊಂದನ್ನು ಸೊಸೆಗೆ ಕೊಟ್ಟಳು; ಜೊತೆಗೆ ಅಂಗೈಯಲ್ಲಿದ್ದ ರಕ್ತದ ಗುಳಿಗೆಯನ್ನೂ ಕೊಟ್ಟಳು. ಅಂಜನಾ ಗುಳಿಗೆಯನ್ನು ಬಿಸಿ ಚಹಾದೊಂದಿಗೆ ನುಂಗುವುದನ್ನು ದೇವೀಂದ್ರಮ್ಮ ನೋಡಿದರು. ಆ ಒಂದು ನೋಟದಲ್ಲಿ ಇಡೀ ಮನೆತನದ ಅಜ್ಞಾನ ಅವರ ಮುಂದೆ ಮೆರವಣಿಗೆ ಹೊರಟಂತಾಯಿತು.

"ಲಾಲಮ್ಮ, ಗುಳಿಗಿ ಚಹಾದಾಗ ನುಂಗಿದ್ರ ಅರ್ಧಾಮರ್ಧ ದಂಡ ಆಗ್ತದ. ಚಹಾ ಅದರ ಕಬ್ಬಿಣ ಮೈಗೆ ಹತ್ತಗೊಡಂಗಿಲ್ಲ. ಲಿಂಬಿಹಣ್ಣಿನ ನೀರಿನ್ಯಾಗ ಕೊಡ್ರಿ."

"ಬಸುರಿಗಿ ಹುಳಿ? ನೆಗಡಿ ಆಗ್ತದ್ರಿ."

"ಮತ್ತ ತತ್ತಿ? ತತ್ತಿ ಕೊಡ್ತೀರೋ ಇಲ್ಲೋ?"

"ಕೊಡ್ತೀವಿ. ಬಿಳಿದು ಒಂದು ತುಂಡು ಕೊಡ್ತೀವಿ. ಹಳದಿ ಮಾತ್ರ ಮುಟ್ಟಸಂಗಿಲ್ಲ. ಹಳದಿ ಉಷ್ಣ. ಹೊಟ್ಟ್ಯಾಗಿನ ಕೂಸು ಬೇಯ್ತದ."

ದೇವೀಂದ್ರಮ್ಮ ಚಹಾದ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ಅವರು ಆಡಿದ್ದು ಮಾತಲ್ಲ, ಒಂದು ಪೂರ್ತಿ ಪಾಠ. ತತ್ತಿಯ ಬಿಳಿಯಲ್ಲಿ ಇರುವುದು ನೀರು ಮತ್ತು ಸಸಾರಜನಕ; ಉಳಿದ ಸಿರಿಯೆಲ್ಲ ಹಳದಿಯಲ್ಲಿಯೇ ಇದೆ. ಕಬ್ಬಿಣವಿದೆ, ಕಣ್ಣಿಗೆ ಬೇಕಾದ 'ಎ' ಜೀವಸತ್ವವಿದೆ, ಎಲುಬಿಗೆ ಬೇಕಾದ 'ಡಿ' ಇದೆ, ಕೂಸಿನ ಮೆದುಳು ಬೆಳೆಯಲು ಬೇಕಾದ ಸತ್ವವಿದೆ. ಸಸಾರಜನಕದಲ್ಲಿಯೂ ಅರ್ಧಕ್ಕೆ ಹತ್ತಿರದ ಪಾಲು ಅಲ್ಲಿಯೇ ಇದೆ. ಹಸಿಯಾಗಿ ನುಂಗಿದರೆ ಮೈಗೆ ಹತ್ತುವುದು ಕಡಿಮೆ, ರೋಗದ ಭಯವೂ ಉಂಟು. ಗಟ್ಟಿಯಾಗಿ ಕುದಿಸಿದರೆ ಎರಡು ಚಿಂತೆಯೂ ಇಲ್ಲ. ಹಾಗೆಂದು ತತ್ತಿಯೊಂದೇ ಅಮೃತವೂ ಅಲ್ಲ. ಅದರಲ್ಲಿ ನಾರಿಲ್ಲ, 'ಸಿ' ಜೀವಸತ್ವವಿಲ್ಲ. ಜೋಳದ ರೊಟ್ಟಿ, ಬೇಳೆ, ಹುಳಿಸೊಪ್ಪಿನ ಪುಂಡಿಪಲ್ಯ ಇವುಗಳ ನಡುವೆ ಒಂದು ತತ್ತಿ ಕುಳಿತಾಗಲೇ ಅದು ಊಟ ಎನ್ನಿಸಿಕೊಳ್ಳುತ್ತದೆ. ಉಷ್ಣ ಎಂಬುದು ಒಲೆಯಲ್ಲಿ ಇರುತ್ತದೆಯೇ ಹೊರತು ಹಳದಿಯಲ್ಲಿ ಇರುವುದಿಲ್ಲ. ಹಳದಿ ತಿಂದರೆ ಕೂಸು ಬೇಯುವುದಾದರೆ, ಬಿಸಿ ಚಹಾ ಕುಡಿದ ಬಸುರಿಯರೆಲ್ಲ ಕುದ್ದ ಕೂಸುಗಳನ್ನೇ ಹೆರಬೇಕಾಗಿತ್ತು.

ಪಾಠ ಮುಗಿದಾಗ ಹುಂಜ ಒಮ್ಮೆ ಕೂಗಿತು. ಆ ಮನೆಯಿಂದ ಬಂದ ಅತ್ಯಂತ ಬುದ್ಧಿವಂತ ಪ್ರತಿಕ್ರಿಯೆ ಅದೇ ಎಂದು ದೇವೀಂದ್ರಮ್ಮನವರಿಗೆ ಅನ್ನಿಸಿತು.

ಲಾಲಮ್ಮ ಮಾತ್ರ ನಗಲೂ ಇಲ್ಲ, ಬೆದರಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು: "ಅಕ್ಕೋರ, ನಿಮ್ಮ ಮಾತು ಒಮ್ಮಿ ಕೇಳೀವಿ. ಹ್ವಾದ ಸಲ ಇಕಿಗೆ ಮೂರು ತಿಂಗಳಾಗಿದ್ದಾಗ ಶಹಾಪುರಕ್ಕ ಕರಕೊಂಡು ಹೋದ್ರಿ. ದಿನಾ ಇಡೀ ತತ್ತಿ ತಿನಸಿದ್ರಿ. ತಿರುಗಿ ಬಂದ ವಾರದಾಗ ಏನಾತು? ಕೂಸು ನಿಲ್ಲಲಿಲ್ಲ. ಮಾರಿ ಎತ್ತಿ ನಾ ಒಂದು ಮಾತು ಅಂದೇನೇನು ನಿಮಗ? ಇವತ್ತು ನೀವು ಅನಿಸಾಕತ್ತೀರಿ."

ಸಂಜೀವಕುಮಾರ ಅಗಿಯುವುದನ್ನು ನಿಲ್ಲಿಸಿದ.

"ಅದು ತತ್ತಿಯಿಂದ ಆದದ್ದಲ್ಲ," ಎಂದರು ದೇವೀಂದ್ರಮ್ಮ. "ಡಾಕ್ಟರ್ ನಿಮ್ಮ ಮುಂದೇ ಹೇಳ್ಯಾರ. ಮೊದಲ ಮೂರು ತಿಂಗಳದಾಗ ಹಿಂಗ ಆಗೋದು ಬಹಳ, ಉಂಡದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ."

"ಡಾಕ್ಟರಗ ಏನ್ರಿ, ಮತ್ತೊಬ್ಬ ಬಸುರಿ ಬರ್ತಾಳ. ಹ್ವಾದದ್ದು ನಮ್ಮ ಮನಿ ಕೂಸು. ಕುಬಸಕ್ಕ ಬರ್ರಿ, ಸೀರಿ ತರ್ರಿ, ಆರತಿ ಮಾಡ್ರಿ. ಹಡಿಯಾಕ ಮಾತ್ರ ನಾ ಶಹಾಪುರಕ್ಕ ಕಳಸಂಗಿಲ್ಲ. ಅಕಿ ಊಟ ನಿಮ್ಮ ಕೈಯಾಗ ಕೊಡಂಗಿಲ್ಲ."

ಹೀಗೆ ಮುಚ್ಚಿದ ಬಾಗಿಲಿನ ಮುಂದೆ ದೇವೀಂದ್ರಮ್ಮ ಕುಳಿತಿದ್ದರು. ಬಾಯಿಂದ ಬಂದ ವ್ಯಂಗ್ಯವೆಲ್ಲ ತೀರಿದ ಮೇಲೆ ಅವರ ಕೈಯಲ್ಲಿ ಉಳಿದದ್ದು ಒಂದು ಉಪಾಯ ಮಾತ್ರ. ಬರುವಾಗ ಅವರು ಜವಾರಿ ಕೋಳಿಯ ತತ್ತಿಗಳನ್ನು ಗಟ್ಟಿಯಾಗಿ ಕುದಿಸಿ ಡಬ್ಬಿಯಲ್ಲಿ ಇಟ್ಟುಕೊಂಡು ಬಂದಿದ್ದರು. ಲಾಲಮ್ಮ ಹಿತ್ತಲಿಗೆ ಹೋದ ಹೊತ್ತು ನೋಡಿ ಅಂಜನಾಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ, ಒಂದನ್ನು ಸುಲಿದು ಅವಳ ಕೈಗಿಟ್ಟರು.

"ತಿನ್ನು. ಆ ಹೆಂಗಸು ಬರೋದ್ರಾಗ ಮುಗಿಸು. ಉಪ್ಪು ತರ್ತೀನಿ."

ಅಡುಗೆಮನೆಯಿಂದ ಉಪ್ಪು ತೆಗೆದುಕೊಂಡು ಮರಳಿದಾಗ ಅಂಜನಾಳ ಬಾಯಿ ಅಲುಗುತ್ತಿತ್ತು, ಕೈ ಬರಿದಾಗಿತ್ತು. ದೇವೀಂದ್ರಮ್ಮನವರಿಗೆ ಅಷ್ಟಕ್ಕೇ ಸಮಾಧಾನವಾಗಬೇಕಿತ್ತು. ಆದರೆ ಮೂವತ್ತು ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಓಡಾಡಿದ ಕಣ್ಣು ಅದು; ಹುಡುಗಿಯ ಎಡಗೈ ಸೀರೆಯ ನಿರಿಗೆಯೊಳಗೆ ಹೂತಿದ್ದುದನ್ನು ಅದು ಬಿಡಲಿಲ್ಲ. ಮುಷ್ಟಿ ಬಿಡಿಸಿದರೆ ಒಳಗೆ ಹಳದಿ ಇತ್ತು, ಇಡಿಯಾಗಿ, ಒಂದು ಹಲ್ಲಿನ ಗುರುತೂ ಇಲ್ಲದೆ.

"ನಿಮ್ಮತ್ತಿಗೆ ಅಂಜೀಯೇನು?" ಎಂದರು ಮೆಲ್ಲಗೆ. "ಅಕಿ ಇಲ್ಲೆ ಇಲ್ಲಲ್ಲ."

"ಅತ್ತಿಗೆ ಅಲ್ಲ ದೊಡ್ಡವ್ವ." ಅಂಜನಾ ತಲೆ ತಗ್ಗಿಸಿದಳು. "ನನಗ ಅಂಜಿಕಿ. ಆವಾಗ ತಿಂದಿದ್ದೆ, ಕೂಸು ಹೋತು. ಈ ಸಲಾನೂ ಹೋದ್ರ?"

"ಅಂದ್ರ ನೀನೂ ನಂಬ್ತೀಯೇನು?"

"ನನಗ ಗೊತ್ತಿಲ್ಲ. ಬಾಯಿತನಕ ತರ್ತೀನಿ, ಒಳಗ ಹೋಗಂಗಿಲ್ಲ."

ದೇವೀಂದ್ರಮ್ಮ ಆ ಹಳದಿಯನ್ನು ತೆಗೆದುಕೊಂಡು ತಮ್ಮ ಡಬ್ಬಿಗೆ ಹಾಕಿ ಮುಚ್ಚಿದರು. ಈ ಹುಡುಗಿ ಎಂಟನೆಯ ಇಯತ್ತೆಯಲ್ಲಿ ಅವರ ಮುಂದೆಯೇ ಕುಳಿತು ತತ್ತಿಯ ಚಿತ್ರ ಬರೆದವಳು. ಚಿಪ್ಪು, ಪೊರೆ, ಬಿಳಿ, ಹಳದಿ ಎಲ್ಲಕ್ಕೂ ನೆಟ್ಟಗೆ ಗೆರೆ ಎಳೆದು ಹೆಸರು ಬರೆದು ಪೂರ್ಣ ಅಂಕ ಪಡೆದವಳು. ಅಯ್ಯಣ್ಣ, ಲಾಲಮ್ಮ, ಸಂಜೀವಕುಮಾರರ ಮೂಢತನವನ್ನು ಅವರು ಆನಂದದಿಂದ ತಿರಸ್ಕರಿಸಬಲ್ಲವರಾಗಿದ್ದರು; ಆ ತಿರಸ್ಕಾರದಲ್ಲಿ ಒಂದು ಬಗೆಯ ಆರೋಗ್ಯವಿತ್ತು. ಆದರೆ ತಾವೇ ಕಲಿಸಿದ, ತಾವೇ ಸಾಕಿದ ತಲೆಯೊಳಗೆ ಅದೇ ಮೂಢತನ ಚಾಪೆ ಹಾಸಿಕೊಂಡು ಮಲಗಿರುವುದನ್ನು ಕಂಡಾಗ, ತಿರಸ್ಕರಿಸಲು ತಾವಲ್ಲದೆ ಬೇರೆ ಯಾರೂ ಸಿಗಲಿಲ್ಲ. ಅಂದು ಅವರು ಹೆಚ್ಚು ಮಾತನಾಡದೆ ಶಹಾಪುರಕ್ಕೆ ಹಿಂದಿರುಗಿದರು.

ಕುಬಸದ ದಿನ ಗೊತ್ತಾಯಿತು. ತವರಿನವರು ಹಸಿರು ಸೀರೆ, ಕುಬಸದ ಖಣ, ಬಳೆ, ಹೂವು, ಬುತ್ತಿ ತೆಗೆದುಕೊಂಡು ಹೋಗಿ ಬಸುರಿಗೆ ಉಡಿ ತುಂಬುವ ದಿನ ಅದು. ಅಷ್ಟರಲ್ಲಿ ಡಾಕ್ಟರಮ್ಮ ಮತ್ತೊಮ್ಮೆ ರಕ್ತ ಪರೀಕ್ಷಿಸಿ, ಏರಿಕೆಯೇ ಇಲ್ಲವೆಂದು ತಲೆಯಾಡಿಸಿದ್ದಳು. ಇನ್ನೂ ಹೀಗೇ ಆದರೆ ಕಲಬುರಗಿಗೆ ಕರೆದೊಯ್ದು ರಕ್ತ ಏರಿಸಬೇಕಾದೀತು ಎಂದಿದ್ದಳು. ದೇವೀಂದ್ರಮ್ಮ ಸೀರೆಯನ್ನು ಆರಿಸಿದ್ದು ಬಣ್ಣ ನೋಡಿ ಅಲ್ಲ. ಆ ಹಸಿರಿನ ನಡುವೆ ಹುಡುಗಿಯ ಮುಖ ಇನ್ನೆಷ್ಟು ಬಿಳಿಚಿ ಕಂಡೀತೋ ಎಂಬ ಚಿಂತೆಯಲ್ಲಿ.

ಪಡಸಾಲೆಯ ತುಂಬ ಓಣಿಯ ಹೆಂಗಸರು ನೆರೆದಿದ್ದರು. ಅಂಜನಾಳನ್ನು ಮಣೆಯ ಮೇಲೆ ಕೂರಿಸಿ ಬಳೆ ಇಡಿಸಿದ್ದಾಗಿತ್ತು. ಲಾಲಮ್ಮ ಆರತಿಯ ತಟ್ಟೆಗೆ ಬತ್ತಿ ಇಡುತ್ತ, "ಮುಂಜಾನಿಂದ ಈ ಮನಿ ಗಂಡಸಿನ ಪತ್ತೇನೇ ಇಲ್ಲ. ಸೊಸಿ ಕುಬಸ ಅಂದ್ರ ಹುಂಜ ಬಗಲಾಗ ಇಟಗೊಂಡು ಹೊಲದಾಗ ಹೋಗಿ ಕುಂತಾನ," ಎಂದು ಗಂಡನನ್ನು ಶಪಿಸುತ್ತಿದ್ದಳು. ಅಂದೇ ಸರದಾರನ ಕಾಳಗದ ದಿನವೂ ಆಗಿತ್ತು.

ಅಷ್ಟರಲ್ಲಿ ಹೊರಗೆ ಗಹಗಹಿಸುವ ನಗೆ ಕೇಳಿಸಿತು. ಕುರಿ ವ್ಯಾಪಾರದ ಲಾಡ್ಲೇಸಾಬ ಅಂಗಳಕ್ಕೆ ಬಂದು ಕಟ್ಟೆಯ ಕಂಬ ಹಿಡಿದು ನಿಂತ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂದಿತ್ತು. ಹಿಂದೆ ಅಯ್ಯಣ್ಣ ತಲೆ ತಗ್ಗಿಸಿಕೊಂಡು ಬಂದ. ಬಗಲಲ್ಲಿದ್ದ ಸರದಾರನ ಮೈಮೇಲೆ ಒಂದು ಗಾಯವೂ ಇರಲಿಲ್ಲ. ಯಾವ ತಾಪತ್ರಯವೂ ಇಲ್ಲದೆ ಕಣ್ಣು ಮುಚ್ಚಿಕೊಂಡಿತ್ತು.

"ಗೆದ್ದೀರೇನು?" ಎಂದಳು ಲಾಲಮ್ಮ.

"ಗೆಲ್ಲೋದೆಲ್ಲಿ ಭಾಭಿ!" ಎಂದ ಲಾಡ್ಲೇಸಾಬ. "ಕಾಳಗ ಆದ್ರ ಅಲ್ಲ, ಗೆಲ್ಲೋದು ಸೋಲೋದು? ನನ್ನ ಕರಿಯ ಕುಣಕೋತ ಬಂದು ಮುಂದ ನಿಂತ. ನಿಮ್ಮ ಸರದಾರ ಅವನ್ನ ನೋಡ್ದ. ಒಂದು ಸಲ ಆಕಳಿಸ್ದ. ಜರಾ ಹೊಳ್ಳಿ ನೋಡಿ, ಜಾಲಿಗಿಡದ ನೆಳ್ಳು ಹುಡುಕಿ, ಅಲ್ಲಿ ಹೋಗಿ ಕುಂತ್ಬಿಟ್ಟ. ಕುಂತು ಕಣ್ಣು ಮುಚ್ಚಿದ. ನನ್ನ ಕರಿಯಗೇ ನಾಚಿಕಿ ಆತು. ಮಲಗಿದವ್ರನ್ನ ಹ್ಯಾಂಗ ಹೊಡೀಲಿ ಅಂತ ನನ್ನ ಮಾರಿ ನೋಡಾಕತ್ತಿತ್ತು. ಮಂದಿ ಎಲ್ಲಾ ಕೂಡಿ, 'ಅಯ್ಯಣ್ಣ, ತಲಿದಿಂಬು ತಂದಿಲ್ಲೇನು?' ಅಂತ ಕೇಳಿದ್ರು."

"ಸಾಕು ಬಿಡೋ ಮಾರಾಯ," ಎಂದ ಅಯ್ಯಣ್ಣ.

"ಇವಂಗ ಏನು ಹಾಕ್ತಿದ್ದಿ ಭಾಯಿ? ನನ್ನದಕ್ಕ ಜ್ವಾಳ, ಸಜ್ಜಿ, ಹಿತ್ತಲದಾಗಿನ ಹುಳ. ಅಷ್ಟೇ."

"ಹಳದಿ," ಎಂದ ಅಯ್ಯಣ್ಣ, ಪಾತಕವನ್ನು ಒಪ್ಪಿಕೊಳ್ಳುವ ದನಿಯಲ್ಲಿ. "ದಿನಾ ಒಂದು ಬೊಗಸಿ ತತ್ತಿ ಹಳದಿ."

ಕೊಬ್ಬು ತುಂಬಿದ ಉಂಡೆಗಳನ್ನು ಬೊಗಸೆಗಟ್ಟಲೆ ತಿಂದು, ಕಾಲಿಗೆ ದಾರ ಕಟ್ಟಿಸಿಕೊಂಡು ಕಟ್ಟೆಯ ಮೇಲೆ ಕಾಲ ಕಳೆದ ಹುಂಜ ಕೊಬ್ಬಿ ಸೋಮಾರಿಯಾಗದೆ ಇನ್ನೇನಾದೀತು ಎಂದು ದೇವೀಂದ್ರಮ್ಮ ಮನಸ್ಸಿನಲ್ಲಿಯೇ ಅಂದುಕೊಂಡರು. ಮಿತಿಯಿಲ್ಲದೆ ಒಂದನ್ನೇ ತಿಂದ ಯಾವ ಪ್ರಾಣಿಯ ಗತಿಯೂ ಅದೇ. ಅದನ್ನು ಬಾಯಿಬಿಟ್ಟು ಹೇಳುವ ಶ್ರಮವನ್ನು ಅವರು ತೆಗೆದುಕೊಳ್ಳಲಿಲ್ಲ. ಆದರೆ ಆರತಿಯ ತಟ್ಟೆ ಹಿಡಿದ ಲಾಲಮ್ಮನ ಕೈ ಗಾಳಿಯಲ್ಲಿಯೇ ನಿಂತಿತ್ತು. ಅವಳ ಮುಖದ ಮೇಲೆ ಒಂದು ಅಪರೂಪದ ಶ್ರಮ ಕಾಣಿಸುತ್ತಿತ್ತು: ಲಾಲಮ್ಮ ವಿಚಾರ ಮಾಡುತ್ತಿದ್ದಳು.

"ತಡೀರಿ," ಎಂದಳು. "ದಿನಾ ಬೊಗಸಿ ಹಳದಿ ತಿಂದದ. ಹಳದಿ ಉಷ್ಣ ಇದ್ರ ಹುಂಜಕ್ಕ ಬೆಂಕಿ ಹತ್ತಬೇಕಿತ್ತಲ್ಲ? ಇದು ನೋಡಿದ್ರ ತಣ್ಣಗ ನೆಳ್ಳಾಗ ಹೋಗಿ ಕುಂತದ."

"ಖರೆ ಅದ," ಎಂದಳು ನೆರೆಮನೆಯ ಮುದುಕಿ ಮಾನಮ್ಮ. "ಅಂದ್ರ ಹಳದಿ ತಂಪು."

"ಮತ್ತ ಉಷ್ಣ ಯಾವುದು?" ಎಂದು ಕೇಳಿದಳು ಇನ್ನೊಬ್ಬಳು.

ಲಾಲಮ್ಮ ನಿಧಾನವಾಗಿ ಮಗನ ಕಡೆಗೆ ತಿರುಗಿದಳು. ಉಳಿದವರೂ ತಿರುಗಿದರು. ಮೂಲೆಯಲ್ಲಿ ಫೋನು ನೋಡುತ್ತ ಕುಳಿತಿದ್ದ ಸಂಜೀವಕುಮಾರನ ಕೆನ್ನೆಗಳ ಮೇಲೆ ಗುಳ್ಳೆಗಳು ಎದ್ದು ಕೆಂಪಗೆ ಹೊಳೆಯುತ್ತಿದ್ದವು.

"ಬಿಳಿದು!" ಎಂದಳು ಲಾಲಮ್ಮ. "ಇವಾ ಬರೇ ಬಿಳಿದು ತಿಂತಾನ. ಮಾರಿ ನೋಡ್ರಿ, ಸುಟ್ಟಂಗ ಆಗ್ಯಾದ. ಮಾತು ಆಡಿಸಿದ್ರ ಸಾಕು, ಸಿಡೀತಾನ."

"ಯವ್ವಾ, ಸುಮ್ಮ ಕುಂದರ್ತೀಯೋ ಇಲ್ಲೋ?" ಎಂದು ಸಂಜೀವಕುಮಾರ ಸಿಡಿದ.

"ನೋಡಿದ್ರ್ಯಾ!"

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಒಂದು ಹುಂಜ, ಒಬ್ಬ ಮಗ. ಒಬ್ಬನಿಗೆ ಬಿಳಿ, ಒಂದಕ್ಕೆ ಹಳದಿ. ಪ್ರಯೋಗಶಾಲೆಯಲ್ಲಿ ತಾವು ಹೆಣ್ಣುಮಕ್ಕಳಿಗೆ ವರ್ಷವರ್ಷವೂ ಬೋಧಿಸಿದ ತುಲನೆಯ ಕ್ರಮವನ್ನೇ ಈ ಜನ ಹಿಡಿದಿದ್ದಾರಲ್ಲ ಎಂದು ದೇವೀಂದ್ರಮ್ಮನವರಿಗೆ ಮೈ ಉರಿಯಿತು. ಕ್ರಮ ಸರಿಯಾಗಿಯೇ ಇತ್ತು; ಅದರೊಳಗೆ ತುಂಬಿದ್ದು ಮಾತ್ರ ಶುದ್ಧ ಕಸ.

ಲಾಲಮ್ಮನಿಗೆ ಈಗ ಬೇರೆಯೇ ಭಯ ಹುಟ್ಟಿತು. ತಟ್ಟೆಯನ್ನು ಕೆಳಗಿಟ್ಟು, ಹಣೆಗೆ ಕೈಹಚ್ಚಿ, "ಅಯ್ಯೋ ಶಿವನ, ಇಷ್ಟು ದಿನ ನಾ ಇಕಿಗೆ ಬಿಳಿದೇ ಕೊಟ್ಟೀನಲ್ಲ!" ಎಂದಳು. ಆಮೇಲೆ ನೆಟ್ಟಗೆ ಬೀಗತಿಯ ಕಡೆಗೆ ತಿರುಗಿದಳು. "ಅಕ್ಕೋರ, ನೀವು ಓದಿದವ್ರು. ಹಳದಿ ಕೊಡ್ರಿ ಅಂತ ಬಡಕೊಂಡ್ರಿ, ನಾ ಕೇಳಲಿಲ್ಲ. ಖರೆ ಹೇಳ್ರಿ, ಹಳದಿ ತಂಪು ಹೌದಲ್ಲ?"

ಇಡೀ ಪಡಸಾಲೆ ಅವರನ್ನು ನೋಡಿತು. ಹಳದಿ ತಂಪೂ ಅಲ್ಲ, ಉಷ್ಣವೂ ಅಲ್ಲ ಎಂಬ ವಾಕ್ಯ ದೇವೀಂದ್ರಮ್ಮನವರ ನಾಲಗೆಯ ತುದಿಗೆ ಬಂದು ನಿಂತಿತ್ತು. ಅವರ ನಾಲಗೆ ಅಂಥ ವಾಕ್ಯಗಳಿಗಾಗಿಯೇ ಮಾಡಿದ್ದು. ಮಣೆಯ ಮೇಲೆ ಕುಳಿತ ಅಂಜನಾ ಕೂಡ ತಲೆ ಎತ್ತಿ ನೋಡುತ್ತಿದ್ದಳು. ದೊಡ್ಡಮ್ಮನ ಯಾವ ಪಾಠಕ್ಕೂ ಕದಲದಿದ್ದ ಆ ಹುಡುಗಿಯ ಕಣ್ಣಿನಲ್ಲಿ, ಒಂದು ಹೇಡಿ ಹುಂಜದ ಕತೆ ಕೇಳಿದ ಮೇಲೆ, ಆಸೆ ಚಿಗುರಿತ್ತು.

"ಹೌದು," ಎಂದರು ದೇವೀಂದ್ರಮ್ಮ. "ತಂಪು."

ಇಷ್ಟಕ್ಕೆ ಮುಗಿದಿದ್ದರೆ ಸುಲಭವಾಗಿರುತ್ತಿತ್ತು. ಆದರೆ ಮುದುಕಿ ಮಾನಮ್ಮ ಹುಬ್ಬು ಗಂಟಿಕ್ಕಿದಳು. "ಹಂಗಾರ ಹ್ವಾದ ಸಲ? ಶಹಾಪುರದಾಗ ಹಳದಿ ಸೈತ ಇಡೀ ತತ್ತಿ ತಿಂದಿದ್ದಳು ಅಂತೀರಿ. ತಂಪು ಇದ್ರ ಕೂಸು ಯಾಕ ಹೋತು?"

ಅಂಜನಾಳ ಕಣ್ಣಿನ ಆಸೆ ತಟ್ಟನೆ ನಂದಿತು. ಲಾಲಮ್ಮನ ಮುಖ ಮತ್ತೆ ಬಿಗಿಯಿತು. ಈ ಮುದುಕಿ ತಮ್ಮ ತರಗತಿಯಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ದೇವೀಂದ್ರಮ್ಮನವರಿಗೆ ಒಂದು ಕ್ಷಣ ಅನ್ನಿಸಿತು. ಇಷ್ಟು ದಿನದಲ್ಲಿ ಯಾರಾದರೂ ಕೇಳಿದ ಒಂದೇ ಒಂದು ಒಳ್ಳೆಯ ಪ್ರಶ್ನೆ ಅದು. ಆ ಪ್ರಶ್ನೆಗೆ ನಿಜವಾದ ಉತ್ತರ ಅವರ ಬಳಿ ಇತ್ತು. ಆ ಉತ್ತರವನ್ನು ಅವರು ಹಿಂದೆ ಹೇಳಿಯೂ ಇದ್ದರು. ಅದರಿಂದ ಹುಡುಗಿಯ ಹೊಟ್ಟೆಗೆ ಒಂದು ಚೂರು ಹಳದಿಯೂ ಇಳಿದಿರಲಿಲ್ಲ.

ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು, ತರಗತಿಗೆ ಕೇಳಿಸುವಷ್ಟು ಸ್ಪಷ್ಟವಾಗಿ ಹೇಳಿದರು: "ಅದು ನನ್ನ ತಪ್ಪು. ಆವಾಗ ತತ್ತಿ ಗಟ್ಟಿ ಕುದಿಸಿರಲಿಲ್ಲ. ಅವಸರದಾಗ ಅರ್ಧಾಮರ್ಧ ಕುದಿಸಿ ಕೊಟ್ಟೆ. ಪೂರಾ ಕುದ್ರನ ಹಳದಿ ತಂಪು ಆಗ್ತದ. ಅರ್ಧ ಕುದ್ರ ಉಷ್ಣ."

ಇದರಲ್ಲಿ ಒಂದಕ್ಷರವೂ ನಿಜವಿರಲಿಲ್ಲ. ಅವರ ಒಲೆಯ ಮೇಲೆ ಅರೆಬೆಂದ ತತ್ತಿ ಎಂದೂ ಇಳಿದದ್ದಿಲ್ಲ. ಕೂಸು ಕಳೆದುಕೊಂಡ ದುಃಖವನ್ನು ಇಷ್ಟು ದಿನ ಹೊತ್ತವರು, ಅದರ ಅಪರಾಧವನ್ನೂ ಈಗ ಓಣಿಯ ಹೆಂಗಸರ ಎದುರಿಗೆ ಹೊತ್ತುಕೊಂಡರು.

ಲಾಲಮ್ಮ ದೀರ್ಘವಾಗಿ ಉಸಿರು ಬಿಟ್ಟಳು. ಅವಳ ಮುಖದಲ್ಲಿ ಮೂಡಿದ ಸಮಾಧಾನವನ್ನು ದೇವೀಂದ್ರಮ್ಮ ಪೂರ್ತಿಯಾಗಿ ನೋಡಿದರು. ನೋಡದೆ ಬಿಡುವುದು ಅವರ ಅಭಿಮಾನಕ್ಕೆ ಒಗ್ಗಲಿಲ್ಲ. "ನಾ ಅವತ್ತೇ ಅಂದಿದ್ದೆ," ಎಂದಳು ಲಾಲಮ್ಮ, ಓಣಿಯವರಿಗೆ ಕೇಳುವಂತೆ. "ಓದಿದವ್ರ ಅಡಗಿ ಅಂದ್ರ ಅಷ್ಟೇ. ಇರಲಿ ಬಿಡ್ರಿ ಅಕ್ಕೋರ, ಒಪ್ಪಿಕೊಂಡ್ರಲ್ಲ, ದೊಡ್ಡ ಮನಸ್ಸು. ಏ ಸಂಜೀವ, ಇವತ್ತಿಂದ ಎಲ್ಲಾ ಹಳದಿ ಇಕಿಗೇ. ಬೊಗಸಿ ತುಂಬ ಕೊಡ್ತೀನಿ."

"ಬೊಗಸಿ ಬ್ಯಾಡ!" ಎಂದರು ದೇವೀಂದ್ರಮ್ಮ ಗಾಬರಿಯಿಂದ. "ಹುಂಜ ನೋಡಿದ್ರಿಲ್ಲ? ತಂಪು ಅತಿ ಆದ್ರ ಮೈ ಜಡ ಆಗ್ತದ, ಹೆರಿಗಿ ವ್ಯಾಳ್ಯಾದಾಗ ಶಕ್ತಿ ಬರಂಗಿಲ್ಲ. ದಿನಕ್ಕ ಒಂದು ಇಡೀ ತತ್ತಿ, ಬಿಳಿನೂ ಹಳದಿನೂ ಕೂಡೇ. ಉಷ್ಣಕ್ಕ ತಂಪು, ತಂಪಿಗೆ ಉಷ್ಣ, ಎರಡೂ ಸಮ ಆಗ್ತಾವ. ಜೋಡಿ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ. ಪುಂಡಿಯ ಹುಳಿ ತತ್ತಿಯ ತಂಪನ್ನ ರಕ್ತಕ್ಕ ಮುಟ್ಟಸ್ತದ."

"ಹೌದೇನ್ರಿ!" ಎಂದಳು ಲಾಲಮ್ಮ.

"ಗುಳಿಗಿ ಲಿಂಬಿನೀರಿನ್ಯಾಗ. ಚಹಾ ಉಂಡ ಕೂಡ್ಲೇ ಕೊಡಬ್ಯಾಡ್ರಿ. ಚಹಾ ತಂಪನ್ನ ಒಡೀತದ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಸತ್ಯ ಹೇಳಿದಾಗ ಯಾವ ತರಗತಿಯೂ ತಮ್ಮನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ಸುಳ್ಳು ಎಷ್ಟು ಸರಾಗವಾಗಿ, ಎಷ್ಟು ವ್ಯವಸ್ಥಿತವಾಗಿ, ಒಂದರ ಹಿಂದೆ ಒಂದರಂತೆ ತಮ್ಮ ಬಾಯಿಂದ ಇಳಿದು ಬರುತ್ತಿದೆ ಎಂಬುದನ್ನು ಕೇಳುತ್ತ ದೇ‌ವೀಂದ್ರಮ್ಮನವರಿಗೆ ತಮ್ಮ ಬಗ್ಗೆಯೇ ಒಂದು ತಣ್ಣನೆಯ ಅಸಹ್ಯ ಹುಟ್ಟಿತು. ಅಯ್ಯಣ್ಣನನ್ನು ಹಂಗಿಸಿದ್ದ ಅದೇ ನಾಲಗೆ ಈಗ ಅವನ ಹುಂಜವನ್ನು ಸಾಕ್ಷಿಗೆ ಕರೆದಿತ್ತು.

ಆರತಿ ಆಯಿತು. ಲಾಲಮ್ಮ ತಾನೇ ಒಳಗೆ ಹೋಗಿ, ಒಲೆಯ ಮುಂದೆ ನಿಂತು, ಎಷ್ಟು ಹೊತ್ತಾಯಿತೆಂದು ಎಲ್ಲರನ್ನೂ ಕೇಳಿ ಕೇಳಿ ಒಂದು ತತ್ತಿಯನ್ನು ಕಲ್ಲಿನಂತೆ ಗಟ್ಟಿಯಾಗಿ ಕುದಿಸಿ ತಂದಳು. ಕುಬಸದ ಬುತ್ತಿಯ ಸಜ್ಜೆರೊಟ್ಟಿಯ ಮೇಲೆ, ಪುಂಡಿಪಲ್ಯದ ಪಕ್ಕದಲ್ಲಿ ಅದನ್ನು ಇಟ್ಟು, ಸೊಸೆಯ ಬಾಯಿಗೆ ತನ್ನ ಕೈಯಿಂದಲೇ ಮೊದಲ ತುಂಡು ಇಟ್ಟಳು. ಅಂಜನಾ ನುಂಗಿದಳು. ಹಳದಿ ಒಳಗೆ ಇಳಿಯಿತು. ಇನ್ನೊಂದು ತುಂಡನ್ನು ಅವಳೇ ಎತ್ತಿಕೊಂಡಳು.

ಹೆಂಗಸರು ಎಲೆ ಅಡಿಕೆಗೆ ಕೈಹಾಕಿ ಮಾತಿಗೆ ತೊಡಗಿದಾಗ ದೇವೀಂದ್ರಮ್ಮ ಮಣೆಯ ಪಕ್ಕದಲ್ಲಿ ಬಂದು ಕುಳಿತರು. ಅಂಜನಾ ಸ್ವಲ್ಪ ವಾಲಿ, ಯಾರಿಗೂ ಕೇಳದಂತೆ ಕೇಳಿದಳು: "ದೊಡ್ಡವ್ವ, ಆವಾಗಿನ ತತ್ತಿ ಗಟ್ಟೇ ಇದ್ವಲ್ಲ? ನಾನೇ ಸುಲೀತಿದ್ದೆ."

"ಇಲ್ಲ. ಮೆತ್ತಗಿದ್ವು."

ಅಂಜನಾಳ ಬೆರಳುಗಳು ತಾಟಿನ ಮೇಲೆ ನಿಂತವು. ಅವಳು ನೆನಪಿಸಿಕೊಳ್ಳುತ್ತಿದ್ದಳು; ದೇವೀಂದ್ರಮ್ಮ ಪಲ್ಯವನ್ನು ಅವಳ ಕಡೆಗೆ ಸರಿಸಿದರು. ಕೊನೆಗೆ ಹುಡುಗಿಯ ಮುಖದ ಬಿಗುವು ಸಡಿಲಿತು.

"ಹೌದು," ಎಂದಳು. "ಮೆತ್ತಗೇ ಇದ್ವು ಅನಸ್ತದ. ಕೈಗೆ ಹಳದಿ ಹತ್ತುತ್ತಿತ್ತು."

"ಹತ್ತುತ್ತಿತ್ತು," ಎಂದರು ದೇವೀಂದ್ರಮ್ಮ. "ಪಲ್ಯ ಹಚಗೊಂಡು ತಿನ್ನು."